ಬಲ್ಬಿನ ಮೇಲಿನ ಅಂಗೈ

ಭಾಂಡುಪ್ ಸ್ಟೇಷನ್ನಿನ ಹೊರಗೊಂದು ಮೊಬೈಲ್ ರಿಪೇರಿ ಅಂಗಡಿಯಿದೆ. ನಿನ್ನೆ ಲೋಕಲ್‌ನಿಂದ ಇಳಿದು ಕಾಲೆಳೆಯುತ್ತ ಬರುತ್ತಿದ್ದ ನನ್ನ ಮೂಗಿಗೆ ಅಲ್ಲಿಂದ ತಂತಿ ಬೆಸೆಯುವ ಸಾಲ್ಡರಿಂಗಿನ ಹೊಗೆ ಬಡಿಯಿತು. ಎದುರುಮನೆ ಕಾಕಾ ನೆನಪಾದರು...

ಕಾಕಾ ಧಾರವಾಡದ ಕಡೆಯವರು. ಇಲ್ಲಿಯ ಕಾರ್ಖಾನೆಯೊಂದರ ಟೆಸ್ಟಿಂಗ್ ವಿಭಾಗದಲ್ಲಿ ತಲೆ ನೆರೆಯುವ ತನಕ ದುಡಿದವರು. ಅದು ಮುಚ್ಚಿದಾಗ, ತಮ್ಮ ಮೇಜಿನ ಮೇಲೆ ಕೆಟ್ಟು ಕೂತಿದ್ದ ಆಸಿಲೋಸ್ಕೋಪನ್ನು ಕೇಳಿ ಪಡೆದು ಮನೆಗೆ ತಂದರು. ಕರೆಂಟಿನ ಏರಿಳಿತವನ್ನು ಪುಟ್ಟ ಪರದೆಯ ಮೇಲೆ ಹಸಿರು ಗೆರೆಯಾಗಿ ತೋರಿಸುವ ಭಾರದ ಪೆಟ್ಟಿಗೆ ಅದು. ಒಂದೇ ಕೋಣೆಯ ಮನೆ. ಅವರ ಹೆಂಡತಿ ಕಾಕು ಅದರ ಮೇಲೆಯೇ ಹಪ್ಪಳದ ಡಬ್ಬಿ ಇಡುತ್ತಿದ್ದರು.

ಈಗ ಎಲ್ಲೂ ಸಿಗದ ಹಳೆಯ ಗಾಜಿನ ವಾಲ್ವುಗಳ ಜಾಗಕ್ಕೆ ಟ್ರಾನ್ಸಿಸ್ಟರ್ ಕೂರಿಸುತ್ತ, ಒಂದೊಂದೇ ಬದಲಿಸುತ್ತ ವರ್ಷಗಳು ಹೋದವು. ಅಷ್ಟರಲ್ಲಿ ಸಕ್ಕರೆ ಕಾಯಿಲೆ ಕಾಕಾರ ಎರಡೂ ಕಣ್ಣು ತಿಂದುಹಾಕಿತು. ಆಮೇಲೆ ಕಾಕು ತಂತಿಯ ಬಣ್ಣ ಹೇಳುವುದು, ಅವರು ತಡವಿ ತಡವಿ ಬೆಸೆಯುವುದು.

“ಇದು ಕುಂಕುಮ ಬಣ್ಣರೀ.”

“ಕುಂಕುಮನೋ, ಕೇಸರಿನೋ? ಸರಿಯಾಗಿ ನೋಡಿ ಹೇಳ.”

“ಎಲ್ಲಾ ಮಾಸ್ಯಾವು. ನನಗೇನ ಗೊತ್ತಾಗತೈತಿ?”

ದಿನಾ ಇದೇ ಜಗಳ. ನಮ್ಮ ಮನೆಯಲ್ಲಿ ಟಿವಿ ಹಾಕುವ ಅಗತ್ಯವೇ ಇರಲಿಲ್ಲ.

ಹಳೆಯ ಯಂತ್ರಕ್ಕೆ ಕಾಕಾ ನೇರವಾಗಿ ಕರೆಂಟು ಕೊಡುತ್ತಿರಲಿಲ್ಲ. ನಡುವೆ ಒಂದು ಹಳದಿ ಬಲ್ಬು ಸೇರಿಸುತ್ತಿದ್ದರು. ಬಲ್ಬು ಒಮ್ಮೆ ಬೆಳಗಿ ಮಂಕಾದರೆ ಎಲ್ಲ ಸರಿ. ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಆಗಿದೆ ಎಂದರ್ಥ. ನನಗೂ ಇದನ್ನು ಕಲಿಸಿದ್ದರು.

ಹೊಸದು ಕಟ್ಟಲು ನಮ್ಮ ಬಿಲ್ಡಿಂಗ್ ಒಡೆಯುವುದೆಂದಾಯಿತು. ಅಲ್ಲಿಯ ತನಕ ಇರಬೇಕಾದ ಬಾಡಿಗೆ ಕೋಣೆಯಲ್ಲಿ ಪೆಟ್ಟಿಗೆಗೆ ಜಾಗವಿರಲಿಲ್ಲ, ಭಂಗಾರಿಗೆ, ಅಂದರೆ ಗುಜರಿಗೆ, ಹೋಗಲೇಬೇಕಿತ್ತು. “ಹೋಗೂದರೊಳಗ ಒಮ್ಮೆ ಗೆರಿ ಬರಲಿ, ಅಷ್ಟ ಸಾಕು” ಎನ್ನುತ್ತಿದ್ದರು ಕಾಕಾ. ಒಂದು ಭಾನುವಾರ ಮಧ್ಯಾಹ್ನ ನನ್ನನ್ನೂ ಕರೆದರು. ಕಾಕು ಸ್ವಿಚ್ ಹಾಕಿದರು. ಬಲ್ಬು ಹೊತ್ತಿತು... ಉರಿಯುತ್ತಲೇ ಇತ್ತು. ಪರದೆ ಕಪ್ಪಗಿತ್ತು. ಯಾವ ಬಣ್ಣ ತಪ್ಪಿ ಹೇಳಿದೆನೋ ಎಂದು ಕಾಕುವಿನ ಮುಖ ಬಿಳಿಚಿಕೊಂಡಿತು.

“ಗೆರಿ ಬಂತೇನ?”

“ಬಂದೈತ್ರೀ,” ಎಂದರು ಕಾಕು, ಪರದೆಯನ್ನೇ ನೋಡುತ್ತ. “ಹಸರ ಗೆರಿ. ನೆಟ್ಟಗೈತಿ.”

ಕಾಕಾರ ಅಂಗೈ ಆಗಲೇ ಬಲ್ಬಿನ ಮೇಲೆ ಸುಳಿದಿತ್ತು. ಕಾವು ತಟ್ಟಿ ಬೆರಳು ಮಡಚಿದ್ದನ್ನು ಕಂಡವಳು ನಾನೊಬ್ಬಳೇ. ಅವರು ಕೈಯನ್ನು ಮೆಲ್ಲಗೆ ತೊಡೆಯ ಮೇಲಿಟ್ಟುಕೊಂಡರು.

“ಅಂದ್ರ ನೀ ಬಣ್ಣ ಬರೋಬ್ಬರಿ ಹೇಳಿದ್ದಿ ಬಿಡ,” ಎಂದರು. “ಬಂದ್ ಮಾಡ. ಸಾಕು.”

ಹೊಸ ಬಿಲ್ಡಿಂಗ್ ಏಳುವ ಮೊದಲೇ ಕಾಕಾ ತೀರಿಕೊಂಡರು. ಕಾಕು ಈಗ ಚೆಂಬೂರಿನಲ್ಲಿ ತಂಗಿಯ ಮನೆಯಲ್ಲಿದ್ದಾರೆ. ಹೋದಾಗಲೆಲ್ಲ ಚಹಾ ಕೊಟ್ಟು, ತಂಗಿ ಒಳಗೆ ಹೋದಮೇಲೆ ಮೆಲ್ಲಗೆ ಕೇಳುತ್ತಾರೆ: “ಅವರಿಗೆ ಗೊತ್ತಾಗಲಿಲ್ಲ, ಅಲ್ಲೇನವಾ?”

“ಇಲ್ಲ ಕಾಕು,” ಎನ್ನುತ್ತೇನೆ.

ಆ ಮನುಷ್ಯ ಇಲ್ಲ, ಆ ಜಗಳ ಇಲ್ಲ. ಹೊಸ ಬಿಲ್ಡಿಂಗಿನಲ್ಲಿ ಎದುರುಮನೆಯ ಬಾಗಿಲು ಈಗ ಯಾರದೋ. ನಿನ್ನೆ ಆ ಅಂಗಡಿಯ ಹೊಗೆಯ ಮುಂದೆ ಸ್ವಲ್ಪ ಹೊತ್ತು ನಿಂತು ಮನೆಗೆ ಬಂದೆ. ನಾಳೆ ಚೆಂಬೂರಿಗೆ ಹೋಗಬೇಕು. ಮತ್ತೆ ಅದನ್ನೇ ಹೇಳಬೇಕು.