ಮೆಣಸಿನ ಗೋದಾಮಿನ ಒಳಗೊಬ್ಬರು, ಹೊರಗೊಬ್ಬರು

ನಿನ್ನೆ ಹೆಂಡತಿ ಸಾರಿನ ಪುಡಿಗೆಂದು ಒಣಮೆಣಸು ಹುರಿದಳು. ವರ್ತಕ ನಗರದ ನಮ್ಮ ಫ್ಲ್ಯಾಟಿನಲ್ಲಿ ಅಡುಗೆಮನೆಗೂ ಹಾಲಿಗೂ ನಡುವಿನ ಗೋಡೆ ಹೆಸರಿಗಷ್ಟೇ. ಮೊದಲ ಸೀನಿನೊಡನೆ ನಮ್ಮ ಕನ್ನಡ ಪತ್ರಿಕೆಯ ಹಿರಿಯ ವರದಿಗಾರರು ನೆನಪಾದರು...

ಉಡುಪಿ ಕಡೆಯವರು, ಡೊಂಬಿವಲಿಯಲ್ಲಿ ಮನೆ. ಕುರ್ಚಿಯಲ್ಲಿ ಕೂತು ಬರೆದ ಸುದ್ದಿಯನ್ನು ಎಂಜಲೆಲೆಯಂತೆ ನೋಡುತ್ತಿದ್ದರು. ನಾನೋ, ದೂರ ನಿಂತರೇ ಪೂರ್ತಿ ಕಾಣುವುದು ಎಂಬ ಪಂಥದವನು. ಈ ಎರಡು ಮತಗಳ ಘನಘೋರ ವಾದ ದಿನಾ ಚಹಾದ ಹೊತ್ತಿಗೆ ನಡೆಯುತ್ತಿತ್ತು, ಯಾರೂ ಮತಾಂತರಗೊಂಡದ್ದಿಲ್ಲ.

ಒಮ್ಮೆ ತುರ್ಭೆಯ ಸಗಟು ಮಾರುಕಟ್ಟೆಯಿಂದ ದೂರು ಬಂತು. ಅಲ್ಲಿನ ಒಂದು ಮೆಣಸಿನ ಗೋದಾಮಿನಲ್ಲಿ ಚೀಲ ಹೊರುವ ಹಮಾಲರು ಕೆಮ್ಮಿ ಕೆಮ್ಮಿ ಸೊರಗುತ್ತಿದ್ದರು. ಅದೆಲ್ಲ ಬೀಡಿ ಕೆಮ್ಮು ಎಂದು ಮಾಲೀಕ ಕೈತೊಳೆದುಕೊಂಡಿದ್ದ. ಹಿರಿಯರು ಹಮಾಲರ ಮೇಸ್ತ್ರಿಯಾದ ಮುಕಾದಮನನ್ನು ಒಲಿಸಿಕೊಂಡು, ತಲೆಗೆ ಟವೆಲ್ ಸುತ್ತಿ, ಹಮಾಲರ ಸಾಲಿನಲ್ಲಿ ಒಳಗೆ ನಡೆದರು. ನಾನು ಮೂಲೆಯ ಚಹಾದಂಗಡಿಯ ಬೆಂಚನ್ನು ಅಲಂಕರಿಸಿದೆ.

ಸ್ವಲ್ಪ ಹೊತ್ತಿಗೆ ಅವರು ಹೊರಗೆ ಬಂದರು. ಕಣ್ಣು ಕೆಂಪು, ಮೂಗು ಅದಕ್ಕಿಂತ ಕೆಂಪು. ಹಿಂದೆಯೇ ಬಂದ ಕಲಬುರಗಿ ಕಡೆಯ ಹಮಾಲನೊಬ್ಬ, "ಏನ್ರೀ ಸಾಹೇಬ್ರ, ಪೆನ್ನೇ ಹಗುರಿತ್ತಲ್ರೀ?" ಎಂದು ನಕ್ಕ. ನಗು ಕೆಮ್ಮಾಯಿತು. ಗೋಡೆ ಹಿಡಿದು ನಿಂತ... ಬಹಳ ಹೊತ್ತು ನಿಂತ.

ಹಿರಿಯರು ನನ್ನ ಪಕ್ಕ ಕುಸಿದು ಕೂತರು. "ಗಂಟಲಿನ ವಿಷಯ ಎಷ್ಟು ಬೇಕಾದ್ರೂ ಬರೀತೇನೆ ಮಾರಾಯ. ಆದ್ರೆ ಒಳಗೆ ಕಣ್ಣು ಬಿಡ್ಲಿಕ್ಕೇ ಆಗ್ಲಿಲ್ಲ. ನೀನೆಂತ ಕಂಡದ್ದು?"

ಹೇಳಿದೆ. ಗೋದಾಮಿನ ಪಕ್ಕಕ್ಕೆ ದೊಡ್ಡದೊಂದು ಶಟರ್ ಇದೆ, ಅದರ ಬೀಗಕ್ಕೆ ತುಕ್ಕು ಹಿಡಿದಿದೆ. ಕೆಂಪು ಧೂಳಿಗೆ ಮುಂದಿನ ಬಾಗಿಲೊಂದೇ ದಾರಿ. ಮಾಲೀಕ ಎರಡು ಸಲ ಬಂದ, ಎರಡು ಸಲವೂ ಹೊಸ್ತಿಲ ಹೊರಗೇ ನಿಂತು, ಮೂಗಿಗೆ ಕರವಸ್ತ್ರ ಒತ್ತಿ, ಕೂಗಿ ಮಾತಾಡಿದ. ಬೀಡಿಗೆ ಅಷ್ಟು ಹೆದರುವ ಮನುಷ್ಯ!

ಹಿರಿಯರು ನೆಟ್ಟಗಾದರು. "ಇದು ಒಳಗಿಂದ ಕಾಣುದಿಲ್ಲ ನೋಡು." ಅವರ ಬಾಯಿಂದ ಅಂಥ ಮಾತು! ನಾನೂ ಸೌಜನ್ಯಕ್ಕೆ, ಬೆಂಚಿನ ಮೇಲೆ ಕೂತು ಆ ಕೆಮ್ಮನ್ನು ಬರೆಯಲಾಗದು ಎಂದು ಒಪ್ಪಿದೆ.

ಗಂಟಲು ಅವರದು, ಬೀಗ ನನ್ನದು. ವರದಿ ಇಬ್ಬರ ಹೆಸರಲ್ಲಿ ಬಂತು. ಮಾಲೀಕನಿಗೆ ಕನ್ನಡ ಬಾರದು. ಹಮಾಲರೇ ಎದುರು ನಿಂತು ಹಿಂದಿಗೆ ತಿರುಗಿಸಿ ಓದಿ ಹೇಳಿದರಂತೆ, ಕರವಸ್ತ್ರದ ಭಾಗವನ್ನು ಎರಡೆರಡು ಸಲ. ಆ ವಾರವೇ ಶಟರ್ ತೆರೆಯಿತು. ನಾವು ಚಹಾ ಕುಡಿಯುತ್ತಾ ಹಳೆಯ ವಾದವನ್ನು ಬಿಟ್ಟಲ್ಲಿಂದಲೇ ಮುಂದುವರಿಸಿದೆವು.

ಈಗ ಸುದ್ದಿ ವಾಟ್ಸ್ಆಪ್‌ನಲ್ಲಿ ತಾನಾಗಿಯೇ ಬಂದು ಬೀಳುತ್ತದೆ. ಒಳಗೆ ಹೋಗುವುದೂ ಬೇಡ, ಬೆಂಚೂ ಬೇಡ. ಇದನ್ನು ಬೈಯುವ ಕಾಲಕ್ಕಾದರೂ ನಾವಿಬ್ಬರು ಒಂದೇ ಪಕ್ಷವಾಗುತ್ತಿದ್ದೆವು. ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡರು...

ನಿನ್ನೆ ನಾನು ಕಣ್ಣೊರೆಸಿಕೊಳ್ಳುವುದನ್ನು ಕಂಡು ಹೆಂಡತಿ, "ಘಾಟು ಕಣ್ಣಿಗೆ ಬಂತಾ?" ಎಂದಳು. ಹೌದೆಂದೆ. ಈ ಸಲ ಒಳಗಿದ್ದವನು ನಾನು. ಕಂಡದ್ದನ್ನು ಹೇಳಲು ಹೊರಗಿನ ಬೆಂಚಿನ ಮೇಲೆ ಅವರಿರಲಿಲ್ಲ.