ನರ್ಸಬಾಯಿ ಕಲಿತ ಜೋಗುಳ

ನರ್ಸಬಾಯಿಯವರ ಕೈಗಡಿಯಾರದ ಮುಖ ಮಣಿಕಟ್ಟಿನ ಒಳಮಗ್ಗುಲಿಗೆ ಇರುತ್ತಿತ್ತು. ನಾಡಿ ಹಿಡಿದಾಗ ಕೈ ತಿರುಗಿಸುವ ಗೊಡವೆ ಬೇಡವೆಂದು. ಆ ಒರಟು ಕೈ ಸದಾ ಆಸ್ಪತ್ರೆಯ ಸೋಪಿನ ವಾಸನೆ ಹೊಡೆಯುತ್ತಿತ್ತು.

ಎಪ್ಪತ್ತರ ದಶಕದ ತಿಕೋಟಾದಲ್ಲಿ ಹೆರಿಗೆ ಎಂದರೆ ನರ್ಸಬಾಯಿ. ಬಬಲೇಶ್ವರದಿಂದ ಆ ಊರಿಗೆ ಸೊಸೆಯಾಗಿ ಬಂದ ನನಗೆ ಚೊಚ್ಚಲ ಹೆರಿಗೆ ಮಾಡಿಸಿದವರೂ ಅವರೇ. ಮುಂದೊಂದು ದಿನ ಬಾಣಂತಿಯನ್ನು ನೋಡಲು ಬಂದವರು, ನಾನು ತೊಟ್ಟಿಲು ತೂಗುತ್ತ ಹಾಡುತ್ತಿದ್ದ ಜೋಗುಳ ಕೇಳಿ ಬಾಗಿಲಲ್ಲೇ ನಿಂತರು. ಮೂಲೆಯಲ್ಲಿ ನನ್ನ ತವರಿನ ಹಾರ್ಮೋನಿಯಂ ಪೇಟಿ ಬಟ್ಟೆ ಹೊದ್ದು ಕುಳಿತಿತ್ತು. ಮದುವೆಯಾದ ಮೇಲೆ ನಾನದನ್ನು ಮುಟ್ಟಿರಲಿಲ್ಲ.

"ತಂಗಿ, ಆ ಹಾಡ ನನಗ ಕಲಸಬೇಕ ನೀ."

ನನಗೆ ನಗು ಬಂತು. ಅವರ ದನಿಯೋ, ಎಣ್ಣೆ ಕಾಣದ ಬಾವಿಯ ಗಾಲಿ. ಪ್ರತಿ ರವಿವಾರ ಬಸ್ಸು ಹತ್ತಿ ವಿಜಾಪುರದ ಚರ್ಚಿಗೆ ಹೋದರೂ, ಅಲ್ಲಿ ಬರೀ ತುಟಿ ಆಡಿಸುತ್ತೇನೆಂದು ಅವರೇ ಹೇಳಿದ್ದರು.

"ಯಾಕ್ರೀ ಬಾಯಾರ, ಈ ವಯಸ್ಸಿನ್ಯಾಗ?"

"ಮ್ಯಾಲೆ ಸ್ವರ್ಗದಾಗ ನನ್ನ ಮಗಳ ಅದಾಳ. ಆರ ತಿಂಗಳ ಕೂಸು ಹೋತು. ನಾ ಬಾಯಿ ತಗದ್ರ ಮನ್ಯಾಗ ನಗತಿದ್ರು. ನಾಚಿ, ಒಂದ ದಿನಾನೂ ಅಕಿಗೆ ಹಾಡಲಿಲ್ಲ. ಅಲ್ಲಿ ರೋಗ ಇಲ್ಲ, ಸಾವು ಇಲ್ಲ. ನನ್ನ ಈ ಕೆಲಸ ಯಾರಿಗೂ ಬೇಕಾಗಂಗಿಲ್ಲ. ಹಾಡೂದು ಮಾತ್ರ ಐತಿ. ಅಕಿ ಮುಂದ ಬಾಯಿ ಮುಚ್ಚಗೊಂಡ ನಿಂದ್ರಲೇನು?"

ನನ್ನ ನಗು ಅಲ್ಲಿಗೇ ನಿಂತಿತು. ಪೇಟಿಯ ಧೂಳು ಒರೆಸಿದೆ.

ವಾರಕ್ಕೆರಡು ಮಧ್ಯಾಹ್ನ ಬರುತ್ತಿದ್ದರು. ತಾಳ ಎಂದೂ ತಪ್ಪಲಿಲ್ಲ. ತಮ್ಮದೇ ನಾಡಿ ಹಿಡಿದು ಅದರ ಮೇಲೆ ಎಣಿಸುತ್ತಿದ್ದರು. ಸ್ವರದ ಪಾಡು ಮಾತ್ರ ದೇವರಿಗೇ ಪ್ರೀತಿ. ಮೂರನೆಯ ಸಾಲು ಬಂತೆಂದರೆ ದನಿ ಎತ್ತಲೋ ಜಾರುತ್ತಿತ್ತು. ನಮ್ಮತ್ತೆ ಬಾಯಿಗೆ ಸೆರಗು ಹಿಡಿದು ಅಡುಗೆಮನೆ ಸೇರುತ್ತಿದ್ದರು. ನರ್ಸಬಾಯಿಯವರು ನೋಡಿಯೂ ನೋಡದಂತೆ ಮತ್ತೆ ಮೊದಲಿನಿಂದ ಹಾಡುತ್ತಿದ್ದರು.

ವರ್ಷ ಕಳೆದರೂ ಮೂರನೆಯ ಸಾಲು ದಾಟದಿದ್ದಾಗ ನನಗೇ ಬೇಸರ ಬಂತು.

"ಬಾಯಾರ, ನಿಮ್ಮ ದೇವರು ಅಲ್ಲಿ ಹೊಸಾ ಮೈ ಕೊಡ್ತಾನಂತೀರಿ. ಹೊಸಾ ದನಿ ಕೊಡಂಗಿಲ್ಲೇನ್ರಿ?"

"ಕೊಡ್ತಾನ, ಖರೇನ. ಆದ್ರ ಮಗಳ ಕೇಳ್ತಾಳ, ಯವ್ವಾ, ನನ್ನ ಸಲುವಾಗಿ ನೀ ಏನ ಕಲತಿ ಅಂತ. ಹಿಡಿ ಪೇಟಿ."

ನಿವೃತ್ತಿಯಾದ ಮೇಲೆ ವಿಜಾಪುರದ ಸೊಲ್ಲಾಪುರ ರಸ್ತೆಯ ಬದಿಯ ಸಣ್ಣ ಮನೆಯಲ್ಲಿದ್ದರು. ಹಾಸಿಗೆ ಹಿಡಿದಿದ್ದಾರೆಂದು ಕೇಳಿ ಹೋದೆ. ಮೈ ಕಡ್ಡಿಯಾಗಿತ್ತು. ತಮ್ಮ ನಾಡಿ ತಮಗೇ ಸಿಗುವುದಿಲ್ಲವೆಂದು ನನ್ನ ಮಣಿಕಟ್ಟು ಹಿಡಿದುಕೊಂಡು, ಅದರ ಬಡಿತದ ಮೇಲೆ ಹಾಡತೊಡಗಿದರು. ಮೂರನೆಯ ಸಾಲು ಜಾರಿತು.

"ಛಲೋ ಬಂತ್ರಿ," ಎಂದೆ.

ಕಣ್ಣು ತೆರೆದು ಸಿಟ್ಟಿನಿಂದ ನೋಡಿದರು. "ಸುಳ್ಳ ಹೇಳಬ್ಯಾಡ. ತಪ್ಪೈತಿ. ಮತ್ತ ಹೇಳಿಕೊಡು."

ಹೇಳಿಕೊಟ್ಟೆ. ನಾಲ್ಕು ಸಲ ಹೇಳಿಸಿಕೊಂಡರು. ಅದೇ ವಾರ ತೀರಿಕೊಂಡರು.

ಅವರಿಗಾಗಿ ತೆರೆದ ಪೇಟಿಯನ್ನು ನಾನು ಮತ್ತೆ ಮುಚ್ಚಲಿಲ್ಲ. ಹಾಡು ಕಲಿಯಲು, ಸ್ವರ ಹಿಡಿಯುವುದಿಲ್ಲವೆಂದು ಹಿಂಜರಿಯುತ್ತಲೇ ಬಂದವರನ್ನು ಒಬ್ಬರನ್ನೂ ವಾಪಸು ಕಳಿಸಿಲ್ಲ. ಅವರು ನಂಬಿದ ಆ ಸ್ವರ್ಗ ಇದೆಯೋ ಇಲ್ಲವೋ ನಾನರಿಯೆ. ಇದ್ದರೆ, ಮೂರನೆಯ ಸಾಲಿಗೆ ಆ ಮಗಳು ನಗದಿರಲಿ.