ಕೌದಿ ಪೂರಾ ಕಾಣಬೇಕು

ಬೆಳಗಿನ ಒಂಬತ್ತು ಗಂಟೆ. ಜೇವರ್ಗಿ ಬಸ್‌ಸ್ಟ್ಯಾಂಡಿನ ಹಿಂದಿರುವ ಪುಟ್ಟ ಕಂಪ್ಯೂಟರ್ ಕೇಂದ್ರದಲ್ಲಿ ಅಲ್ಲಿ ಕಲಿಸುವ ಅನುರಾಧಾ ಕೈ ಕಟ್ಟಿಕೊಂಡು ನಿಂತಿದ್ದಾರೆ. ಮುಂದೆ ಕುಳಿತ ಚಾಂದಬೀ ಬೆವರುತ್ತಿದ್ದಾರೆ. ನಲವತ್ತೈದರ ಈ ದರ್ಜಿ ಹೆಣ್ಣುಮಗಳು ಬಟ್ಟೆ ತುಂಡು ಜೋಡಿಸಿ ತಾವು ಹೊಲಿದ ಕೌದಿಗಳನ್ನು ತೋರಿಸಲು ತಾವೇ ಒಂದು ವೆಬ್‌ಪುಟ ಮಾಡಿದ್ದಾರೆ. ಕಲಬುರಗಿಯ ಕರಕುಶಲ ಮೇಳದಲ್ಲಿ ಮಳಿಗೆ ಬೇಕೆಂದರೆ ಇವತ್ತು ಹತ್ತು ಗಂಟೆಯೊಳಗೆ ಅದರ ಲಿಂಕ್ ಕಳಿಸಬೇಕು. ಕಂಪ್ಯೂಟರಿನಲ್ಲಿ ಕೌದಿ ಚೆಂದ ಕಾಣುತ್ತಿದೆ. ಮೊಬೈಲಿನಲ್ಲಿ ಬರೀ ಒಂದು ಮೂಲೆ.

"ಫೋಟೋದ ಅಳತಿ ಎಲ್ಲಿಂದ ತಂದ್ರಿ, ಆಪಾ?" ಅನುರಾಧಾ ಕೇಳುತ್ತಾರೆ.

"ಟೇಪ್ ಹಿಡದು ಈ ಕಂಪ್ಯೂಟರ್ ಪರದೆ ಅಳದೇನ್ರಿ ಮೇಡಂ. ಅಡ್ಡ ಹದಿಮೂರು ಇಂಚು, ಉದ್ದ ಏಳು. ಅದನ್ನೇ ಬರದೇನಿ."

ಆಯುಷ್ಯವೆಲ್ಲ ಕೊರಳಲ್ಲಿ ಟೇಪು ಹಾಕಿಕೊಂಡವರು ಇನ್ನೇನು ಮಾಡಿಯಾರು! ಪುಟದ ಅಂದಚೆಂದ ನೋಡಿಕೊಳ್ಳುವ ಸಿಎಸ್ಎಸ್ ಇಂಚನ್ನೂ ಒಪ್ಪುತ್ತದಂತೆ. ಕಂಪ್ಯೂಟರ್ ಎಂದರೆ ಟೈಪ್‌ರೈಟರಿನ ದೊಡ್ಡಣ್ಣ ಎಂದುಕೊಂಡು ಇವರ ಪಾಠ ನೋಡಲು ಬಂದ ನನಗೂ ಇದು ಹೊಸದು.

ಅನುರಾಧಾ ಭೂಸನೂರಿನವರು. ಓದಿದ್ದು ಬಿ.ಎ. ವೆಬ್ ಡಿಸೈನ್ ಕಲಿತದ್ದು ಮೊಬೈಲಿನಲ್ಲಿ, ಇಂಗ್ಲಿಷ್ ವಿಡಿಯೋಗಳನ್ನು ನಿಲ್ಲಿಸಿ ನಿಲ್ಲಿಸಿ ಕನ್ನಡದಲ್ಲಿ ಬರೆದುಕೊಂಡು. ಅಂಥ ಹನ್ನೊಂದು ನೋಟ್‌ಬುಕ್ಕುಗಳಿವೆ. ಇಲ್ಲಿ ಆರು ಕಂಪ್ಯೂಟರ್, ಅದರಲ್ಲಿ ಎರಡು ಮನಸ್ಸು ಬಂದರೆ ಏಳುತ್ತವೆ. ದಿನಕ್ಕೆ ಮೂರು ಬ್ಯಾಚು, ಎಂಟು ವರ್ಷದಲ್ಲಿ ಮುನ್ನೂರಕ್ಕೂ ಮೇಲ್ಪಟ್ಟ ವಿದ್ಯಾರ್ಥಿಗಳು. ಇವರ ನಿಯಮ ಒಂದೇ: ಎಂಥ ಗಡಿಬಿಡಿ ಇದ್ದರೂ ಕಲಿಯುವವರ ಮೌಸನ್ನು ತಾವು ಮುಟ್ಟುವುದಿಲ್ಲ.

"ನೀವೇ ಒಂದ್ ಸಲ ಮಾಡಿಕೊಡ್ರಿ, ಟೈಮಿಲ್ಲ," ಚಾಂದಬೀ ಅಂಗಲಾಚುತ್ತಾರೆ. ನನಗೂ ಹಾಗೇ ಅನ್ನಿಸುತ್ತದೆ, ಮಾಡಿಕೊಟ್ಟರೆ ಗಂಟೇನು ಹೋದೀತು?

ಅನುರಾಧಾ ಕಟ್ಟಿದ ಕೈ ಬಿಚ್ಚುವುದಿಲ್ಲ. "ಹಾಸಿಗಿ ಇದ್ದಷ್ಟು ಕಾಲ ಚಾಚು ಅಂತೀವಲ್ರಿ, ಅದನ್ನ ಫೋಟೋಕ್ಕ ಹೇಳ್ರಿ. ಇದ್ದ ಜಾಗಾ ಮೀರಬಾರದು."

ಚಾಂದಬೀ ಒಂದೊಂದೇ ಅಕ್ಷರ ಹುಡುಕಿ ಮ್ಯಾಕ್ಸ್ ವಿಡ್ತ್ ನೂರು ಪರ್ಸೆಂಟ್ ಎಂದು ಬರೆಯುತ್ತಾರೆ. ಮೊಬೈಲಿನಲ್ಲಿ ಕೌದಿ ಅಗಲಕ್ಕೇನೋ ಹೊಂದುತ್ತದೆ, ಆದರೆ ಹಿಂಡಿ ಹಗ್ಗಕ್ಕೆ ಹಾಕಿದಂತೆ ಉದ್ದಕ್ಕೆ ಜೋತುಬಿದ್ದಿದೆ.

"ಅಯ್ಯ, ಏಳು ಇಂಚು ಹಂಗೇ ಕುಂತದಲ್ರಿ!" ಯಾರೂ ಹೇಳದೆ ಅವರಿಗೇ ಹೊಳೆಯುತ್ತದೆ. ಆ ಏಳನ್ನು ಅಳಿಸಿ ಹೈಟ್ ಆಟೋ ಎಂದು ಬರೆಯುತ್ತಾರೆ. ಅಗಲಕ್ಕೆ ತಕ್ಕ ಉದ್ದವನ್ನು ಫೋಟೋವೇ ನೋಡಿಕೊಳ್ಳುತ್ತದೆ. ಅಂಗೈಯಷ್ಟು ಪರದೆಯಲ್ಲಿ ಇಡೀ ಕೌದಿ, ಹಸಿರು ಅಂಚಿನ ಸಮೇತ. ಒಂಬತ್ತೂವರೆಗೆ ಲಿಂಕ್ ಹೋಗುತ್ತದೆ.

ನಾಲ್ಕನೇ ದಿನ ನಾನು ಮತ್ತೆ ಹೋದಾಗ ಚಾಂದಬೀ ಪೇಢೆ ಹಂಚುತ್ತಿದ್ದಾರೆ. ಮಳಿಗೆ ಸಿಕ್ಕಿದೆ. ಮೇಳದವರು ಫೋನಿನಲ್ಲಿ ಪುಟ ಯಾರು ಮಾಡಿದ್ದೆಂದೂ ಕೇಳಿದರಂತೆ. "ನಾನೇ ಮಾಡೇನಿ ಅಂದೆ!" ಎನ್ನುತ್ತಾರೆ ಆಕೆ.

ಗುರುವಿನ ಹೆಸರು ಹೇಳಬೇಕಿತ್ತಲ್ಲವೇ ಎಂದು ಅನುರಾಧಾ ಅವರನ್ನು ಕೆಣಕುತ್ತೇನೆ. ಅವರು ಪೇಢೆ ಮುರಿದು ಅರ್ಧ ನನಗೆ ಕೊಡುತ್ತಾರೆ.

"ನಾ ಮಾಡಿಕೊಟ್ಟಿದ್ರ ನನ್ನ ಹೆಸರು ಹೇಳ್ತಿದ್ರು ಬಿಡ್ರಿ."